ದುಂಡೋರೆ

ಅದಕ್ಕೊಂದು ಹೆಸರಿತ್ತೋ ಏನೋ. ಕ್ಯಾಟಲಾಗಿನ ಆ ಪುಟ
ಇಲಿ ತಿಂದಿತ್ತು.
ದುಂಡೋರೆ ಎಂದು ಕರೆದವನು ದಾವಲಸಾಬ,
ಬೆಟಗೇರಿಯ ನಮ್ಮ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವನು:
"ದುಂಡಗೂ ಐತಿ, ಓರೇನೂ ಐತಿ,
ಮತ್ತೇನಂತ ಕರೀಲಿ, ನಿಮ್ಮಪ್ಪನ ಹೆಸರಿಡ್ಲೇನು?"

ಸಾಗವಾನಿಯ ಮೊಳೆ, ಮೂರು ಬೆರಳಗಲ.
ಮೂಲೆಯೆಂಬುದು ಮೈಯಲ್ಲೆಲ್ಲೂ ಇಲ್ಲ,
ತಲಕಟ್ಟು ಕೂಡ ಬೆಣ್ಣೆ ಸವರಿದಷ್ಟು ನುಣುಪು.
ಹೊಟ್ಟೆ ಬಿರಿಯ ಉಂಡ ಬ,
ತೇಗಿ ಮುಂದಕ್ಕೆ ವಾಲಿದ ಹ.
ಒಳಗಿನ ಬಿಳಿ ಜಾಗ ಎಷ್ಟು ಕಿರಿದೆಂದರೆ
ಮಸಿ ಒಂದು ಗುಲಗಂಜಿ ಹೆಚ್ಚಾದರೂ
ಕಥೆ ಹೋಗಿ ಕದೆ.

ಹಾಳೆಯ ಮೇಲೆ ಎಲ್ಲವೂ ಬಲಕ್ಕೆ ಬಾಗುತ್ತಿದ್ದವು,
ಕಪ್ಪತಗುಡ್ಡದ ಗಾಳಿ ಬೆನ್ನಿಗೆ ಬಿದ್ದು
ತುಳಿಯದೆಯೇ ಸೈಕಲ್ಲು ಹೊಡೆಯುವ ಹುಡುಗರು.
ಕೇಸಿನಲ್ಲಿದ್ದಾಗ ಮಾತ್ರ, ಎಲ್ಲ ತಿರುಗುಮುರುಗಾದ ಆ ಲೋಕದಲ್ಲಿ,
ಎಡಕ್ಕೆ ಬಾಗಿ ನಿಂತಿರುತ್ತಿದ್ದವು
ಯಾರೋ ಕೈ ಹಿಡಿದು ಎಳೆದರೆ
ಒಲ್ಲೆ ಒಲ್ಲೆ ಎನ್ನುವ ಹಾಗೆ.

ಗೋಲಿಸೋಡಾಕ್ಕೆ ಅದು. ಸೀರೆ ಸೇಲಿಗೆ ಅದು.
ಸರ್ಕಸ್ಸಿನ "ಕೊನೆಯ ಮೂರೇ ದಿನ"ಕ್ಕೆ ಅದು
(ಸರ್ಕಸ್ಸು ಆಮೇಲೂ ಒಂದು ತಿಂಗಳು ಇತ್ತು).
ಕುಸ್ತಿಯ ಪೋಸ್ಟರಿಗೆ ಸ್ತ ಇರಲಿಲ್ಲ,
ಬೇರೆ ಮೊಳೆಯಿಂದ ಸಾಲ ತಂದೆವು,
ಪೈಲವಾನರ ನಡುವೆ ಗುಮಾಸ್ತನ ಹಾಗೆ ನಿಂತಿತು.

ಒತ್ತಕ್ಷರವೇ ಅದರ ಪೀಡೆ.
ಓರೆ ಕಾಲಿನ ಕೆಳಗೆ ಜಾಗ ಸಾಲದು,
ರೊಟ್ಟಿ ಎಂದರೆ ಕೆಳಗಿನ ಸಾಲಿನ ನೆತ್ತಿಯ ಮೇಲೆ
ಟವತ್ತು ಬಂದು ಕೂಡುವುದು.
ಅದಕ್ಕೇ ದಾವಲಸಾಬನ ಕಾನೂನು:
"ಒತ್ತಿಲ್ಲದ ಮಾತಿದ್ರ ತರ್ರಿ.
ನಗಿಗೆ ಒತ್ತಿಲ್ಲ, ಸೋಡಾಕ್ಕ ಒತ್ತಿಲ್ಲ.
ಸಿಟ್ಟಿಗೆ ಐತಿ. ಸತ್ತವರಿಗೆ ಐತಿ."

ಬಸಲಿಂಗವ್ವ ಬಂದದ್ದು ಕಾರಹುಣ್ಣಿಮೆಯ ಮರುದಿನ,
ವಹಿಯ ಹಾಳೆಯಲ್ಲಿ ಬರೆಸಿಕೊಂಡು:
ಗಂಡನ ಶಿವಗಣಾರಾಧನೆ, ಗೋಡೆಗೆ ಹಚ್ಚುವಂಥ ಹಾಳೆ, ಐವತ್ತು.
ತೆಳ್ಳನೆಯ ನೆಟ್ಟನೆಯ ಅಕ್ಷರ ತೋರಿಸಿದೆ.
ಆಕೆ ಹಿಂದಿನ ಗೋಡೆಯ ಸರ್ಕಸ್ಸಿಗೆ ಬೆರಳು ಮಾಡಿದಳು.
"ಅದು."
"ಅದು ನಗೋ ಅಕ್ಷರ ಬೇ. ಮಂದಿ ಏನಂದಾರು?"

"ಮೂವತ್ತು ವರ್ಸ ಬಲಗೈಯಾಗ ಸೋಡಾ ಪೆಟ್ಟಿಗಿ ಹಿಡದು
ಬಲಕ್ಕ ವಾಲಿ ನಡದಾನ.
ಪೆಟ್ಟಿಗಿ ಇಳಿಸಿದ ಮ್ಯಾಲೂ ಹಂಗ ನಡದಾನ.
ನೆಟ್ಟಗ ನಿಂತಿದ್ದು ಒಂದ ಫೋಟೋದಾಗ.
ಅದರಾಗ ಅಂವನ ಗುರುತ ಸಿಗಂಗಿಲ್ಲ."

ನಾನು ಇನ್ನೂ ಬಾಯಿ ತೆರೆದಿದ್ದೆ,
ದಾವಲಸಾಬ ಆಗಲೇ ಬೆರಳು ಮಡಿಸುತ್ತಿದ್ದ:
ನೀ, ಲ, ಕಂ, ಠ.
ಕು, ರ, ಡ, ಗಿ.
"ಒಂದೂ ಒತ್ತಿಲ್ಲ," ಎಂದ. ಅಷ್ಟೇ ಎಂದ.

ಠ ಹುಡುಕಲು ತಡವಾಯಿತು.
ಮಾರುವ ಮಾತುಗಳಲ್ಲಿ ಠ ಬರುವುದು ಕಡಿಮೆ,
ಕೇಸಿನ ಮೂಲೆಯಲ್ಲಿ ತಂದ ದಿನದ ಹಾಗೇ ಇತ್ತು,
ಕಟ್ಟಿಗೆಯ ಬಣ್ಣದ್ದು, ಮಸಿ ಮುಟ್ಟದ್ದು.
ವಾಲಿದ ದುಂಡಿನೊಳಗೆ ಒಂದೇ ಚುಕ್ಕಿ,
ಓರೆ ಹಿಡಿದ ಸೀಸೆಯ ಕುತ್ತಿಗೆಯಲ್ಲಿ ಗೋಲಿ.
ಸುತ್ತ ಮಸಿ ತುಂಬದಂತೆ ದಾವಲಸಾಬ
ಪ್ರತಿ ಹಾಳೆಗೂ ಪಿನ್ನಿನ ತುದಿಯಿಂದ ಬಿಡಿಸಿದ,
ಐವತ್ತು ಸಲ.

ಮುಳಗುಂದ ನಾಕಾದಲ್ಲಿ ಸೀರೆ ಸೇಲಿನ ಪಕ್ಕ ಹಚ್ಚಿದ್ದರು.
ಒಬ್ಬ ಸೋಡಾ ಅಂಗಡಿಯೆಂದು ತಿಳಿದು ವಿಳಾಸ ಓದಿದ,
ಕೆಳಗಿನ ಸಣ್ಣಕ್ಷರಕ್ಕೆ ಬಂದ,
ಟೊಪ್ಪಿಗೆ ತೆಗೆದ.

ಸಂಜೆ ಸೀಮೆಎಣ್ಣೆಯಲ್ಲಿ ತೊಳೆದು
ಎಂಟನ್ನೂ ಮನೆಗಳಿಗೆ ಹಾಕಿದೆ.
ಏಳು ಮೊದಲೇ ಕಪ್ಪು.
ಠ ಎಷ್ಟು ಉಜ್ಜಿದರೂ
ಮೊದಲಿನ ಬಣ್ಣಕ್ಕೆ ಬರಲಿಲ್ಲ.